ಅತಿರೋಮದ ಬೇರು: ಗ್ರಂಥಿ, ಕಿಣ್ವ, ವಂಶ

ಗಲ್ಲ, ಮೇಲ್ದುಟಿ, ಎದೆ, ಕಿಬ್ಬೊಟ್ಟೆಗಳಲ್ಲಿ ಗಂಡಸರಂತೆ ದಪ್ಪ ಕೂದಲು ಬೆಳೆದಾಗ ಹೆಚ್ಚಿನ ಮಹಿಳೆಯರು ಮೊದಲು ಹೋಗುವುದು ಬ್ಯೂಟಿ ಪಾರ್ಲರಿಗೆ. ಹೆಣ್ಣು ನೋಡಲು ಬರುವವರಿದ್ದರೆ ಮನೆಮಂದಿಯ ಆತಂಕವೂ ಜೊತೆಗೂಡುತ್ತದೆ. ಸಂತಾನವಯಸ್ಸಿನ ಮಹಿಳೆಯರಲ್ಲಿ ಶೇ 5ರಿಂದ 10ರಷ್ಟು ಮಂದಿಯನ್ನು ಬಾಧಿಸುವ ಈ ಹಿರ್ಸುಟಿಸಂನ ಮೂಲವನ್ನು ಥ್ರೆಡಿಂಗ್ ದಾರ ಮುಟ್ಟುವುದಿಲ್ಲ.

ಅಂಡಾಶಯದಿಂದ ಚರ್ಮದವರೆಗೆ

ಬಹುಪಾಲು ಪ್ರಕರಣಗಳಿಗೆ ಕಾರಣ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್). ಇದಿರುವ ಹಲವರಲ್ಲಿ ಕಾಣುವಂತೆ, ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಪುರುಷ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಟೆಸ್ಟೊಸ್ಟಿರಾನನ್ನು ಹಿಡಿದಿಡುವ ಪ್ರೋಟೀನನ್ನು ಯಕೃತ್ತು ತಯಾರಿಸದಂತೆಯೂ ತಡೆಯುತ್ತದೆ. ಹೀಗೆ ಬಿಡುಗಡೆಯಾದ ಹಾರ್ಮೋನನ್ನು ಕೂದಲಿನ ಬುಡದಲ್ಲಿರುವ 5-ಆಲ್ಫಾ ರಿಡಕ್ಟೇಸ್ ಕಿಣ್ವ ಇನ್ನಷ್ಟು ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟಿರಾನ್ ಆಗಿ ಮಾರ್ಪಡಿಸುತ್ತದೆ. ನವಿರಾದ ರೋಮ ಒರಟಾಗುವುದು ಇದರಿಂದಲೇ. ಕೆಲವರಲ್ಲಿ ಮುಟ್ಟು ಕ್ರಮಬದ್ಧ, ರಕ್ತಪರೀಕ್ಷೆಯೂ ಸಹಜ; ಆದರೂ ರೋಮ ಬೆಳೆಯುತ್ತದೆ. ಅಂಥವರಲ್ಲಿ ಚರ್ಮದ ಈ ಕಿಣ್ವವೇ ಅತಿಯಾಗಿ ಚುರುಕಾಗಿರಬಹುದು. ‘ರಿಪೋರ್ಟ್ ನಾರ್ಮಲ್, ಏನೂ ಇಲ್ಲ’ ಎಂದು ಅವರನ್ನು ಸಾಗಹಾಕುವುದು ಅನ್ಯಾಯ.

ಅಡ್ರಿನಲ್‌ನ ಅಡಚಣೆ

ಇನ್ನೊಂದು ಕಾರಣ ವಿರಳ, ಆದರೆ ಗಂಭೀರ. ಅಡ್ರಿನಲ್ ಗ್ರಂಥಿಯಲ್ಲಿ ಕಾರ್ಟಿಸಾಲ್ ತಯಾರಾಗಲು 21-ಹೈಡ್ರಾಕ್ಸಿಲೇಸ್ ಕಿಣ್ವ ಬೇಕು. ಅದು ಸಾಲದಾದಾಗ ಕಚ್ಚಾವಸ್ತು, ಕಟ್ಟೆ ಕಟ್ಟಿದ ಕಾಲುವೆಯ ನೀರಿನಂತೆ, ಪುರುಷ ಹಾರ್ಮೋನುಗಳತ್ತ ತಿರುಗುತ್ತದೆ. ಇದರ ಸೌಮ್ಯ ರೂಪ ಹರೆಯದಲ್ಲಿ ಕಾಣಿಸಿಕೊಂಡು ಪಿಸಿಒಎಸ್‌ನಂತೆಯೇ ತೋರುತ್ತದೆ. ಮುಟ್ಟಿನ ಆರಂಭದ ದಿನಗಳಲ್ಲಿ, ಬೆಳಿಗ್ಗೆ ಮಾಡುವ 17-ಹೈಡ್ರಾಕ್ಸಿಪ್ರೊಜೆಸ್ಟಿರಾನ್ ಪರೀಕ್ಷೆ ಎರಡನ್ನೂ ಬೇರ್ಪಡಿಸಲು ನೆರವಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಈ ತೊಂದರೆ ಉಂಟಾಗುವುದರಿಂದ, ಸೋದರಮಾವ, ಸೋದರತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಕೂಡಿಸುವ ಕರ್ನಾಟಕದ ಕುಟುಂಬಗಳು ಇದನ್ನು ತಿಳಿದಿರಬೇಕು. ಸೌಮ್ಯ ರೂಪವುಳ್ಳ ತಾಯಿಯಲ್ಲಿ ತೀವ್ರ ದೋಷದ ಒಂದು ಜೀನ್ ಅಡಗಿರಬಹುದು. ಪತಿಯೂ ಅದರ ವಾಹಕನಾಗಿದ್ದರೆ, ನವಜಾತ ಶಿಶುವಿನ ಜೀವಕ್ಕೇ ಅಪಾಯ ತರುವ ತೀವ್ರ ರೂಪ ಮಗುವಿಗೆ ಬರುವ ಸಂಭವವಿದೆ.

ಚಿಕಿತ್ಸೆ ಯಾರಿಗೆ

ರೋಮವನ್ನೆಲ್ಲ ರೋಗವೆನ್ನುವುದು ಸೌಂದರ್ಯೋದ್ಯಮದ ಲಾಭಕ್ಕಷ್ಟೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ವಂಶಸಹಜವಾಗಿ ರೋಮ ಹೆಚ್ಚಿರುವ ಮಹಿಳೆಗೆ ತನ್ನ ಮುಖ ಹಾಗೆಯೇ ಇರಲಿ ಎನಿಸಿದರೆ ಅದು ಅವಳ ಹಕ್ಕು. ಆದರೆ ಮುಟ್ಟಿನ ಏರುಪೇರು ಜೊತೆಗಿದ್ದರೆ, ಮಧುಮೇಹ ಮತ್ತು ಬಂಜೆತನದ ಅಪಾಯವನ್ನು ನೆನೆದು ಪರೀಕ್ಷೆ ಮಾಡಿಸಿಕೊಳ್ಳುವುದೇ ಸರಿ. ಕೆಲವೇ ತಿಂಗಳಲ್ಲಿ ರೋಮ ಏಕಾಏಕಿ ಹೆಚ್ಚಿ ಧ್ವನಿ ಗಡುಸಾದರೆ ಗೆಡ್ಡೆಯ ಶಂಕೆಯಿರುತ್ತದೆ. ಅಲ್ಲಿ ತಡ ಸಲ್ಲದು. ಹಾರ್ಮೋನು ಮಾತ್ರೆಗಳ ಫಲ ಕಾಣಲು ಸುಮಾರು 6 ತಿಂಗಳು ಬೇಕು. ಎರಡೇ ತಿಂಗಳಿಗೆ ಬೇಸತ್ತು ಮಾತ್ರೆ ಬಿಡುವವರಿಗೆ ಈ ಮಾತನ್ನು ವೈದ್ಯರು ಮೊದಲ ಭೇಟಿಯಲ್ಲೇ ಹೇಳಬೇಕು.