ಸ್ಲಾಟ್ ಇಲ್ಲದ ಲ್ಯಾಪ್‌ಟಾಪಿಗೆ ಪುಕ್ಕಟೆ ಮೆಮೊರಿ

ಶಿಕಾರಿಪುರದ ರಿಪೇರಿ ಅಂಗಡಿಯೊಂದರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದದ್ದು ಸೊರಬದ ಕಾಲೇಜು ಹುಡುಗಿಯ ಅಗ್ಗದ ಲ್ಯಾಪ್‌ಟಾಪ್. ರ‍್ಯಾಮ್ 2 ಜಿಬಿ. "ಅಣ್ಣಾ, ಇನ್ನೊಂದು ರ‍್ಯಾಮ್ ಹಾಕ್ಕೊಡಿ" ಎಂದರೆ ಹಾಕಲು ಸ್ಲಾಟೇ ಇಲ್ಲ. ಚಿಪ್‌ಗಳನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ. ಅಂಗಡಿಯವನು ಸ್ಕ್ರೂಡ್ರೈವರ್ ಬದಿಗಿಟ್ಟು, ಲಿನಕ್ಸ್ ತುಂಬಿಸಿ, ಝಡ್‌ರ‍್ಯಾಮ್ ಎಂಬ ಸೌಲಭ್ಯ ಚಾಲೂ ಮಾಡಿದ. ಮೂರ್ನಾಲ್ಕು ಟ್ಯಾಬ್‌ಗೇ ಏದುಸಿರು ಬಿಡುತ್ತಿದ್ದ ಬ್ರೌಸರ್ ಆಮೇಲೆ ಸಲೀಸಾಗಿ ಓಡಿತು. ಬಿಡಿಭಾಗದ ಖರ್ಚು ಸೊನ್ನೆ!

ರ‍್ಯಾಮ್ ತುಂಬಿದರೆ ಕಂಪ್ಯೂಟರ್ ಸದ್ಯಕ್ಕೆ ಬೇಡದ ಮೆಮೊರಿ ಪುಟಗಳನ್ನು ಡಿಸ್ಕಿಗೆ ಸಾಗಹಾಕುತ್ತದೆ. ಅಗ್ಗದ ಯಂತ್ರಗಳಲ್ಲಿ ಡಿಸ್ಕಿನ ಜಾಗದಲ್ಲಿರುವ ಇಎಂಎಂಸಿ ಸ್ಟೋರೇಜ್ ನಿಧಾನ, ಸಾಲದ್ದಕ್ಕೆ ಬರೆದಷ್ಟೂ ಸವೆಯುತ್ತದೆ. ಝಡ್‌ರ‍್ಯಾಮ್ 4 ಕೆಬಿಯ ಪುಟವನ್ನು ಕುಗ್ಗಿಸಿ ರ‍್ಯಾಮಿನಲ್ಲೇ ಇಟ್ಟುಕೊಳ್ಳುತ್ತದೆ. ಬರೀ ಸೊನ್ನೆ ತುಂಬಿದ ಪುಟವಾದರೆ ಇಡುವ ಗೋಜೇ ಇಲ್ಲ, ಗುರುತು ಹಾಕಿಕೊಂಡರೆ ಸಾಕು. ಕನ್ನಡ ಪಠ್ಯವಂತೂ ಇದಕ್ಕೆ ಹಬ್ಬದೂಟ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಮೊದಲ ಬೈಟ್ ಸದಾ ಒಂದೇ, ಎರಡನೆಯದರಲ್ಲಿ ಎರಡೇ ಬಗೆ; ಒಂದೇ ಬೈಟ್ ಮತ್ತೆ ಮತ್ತೆ ಬಂದಷ್ಟೂ ಕುಗ್ಗಿಸುವುದು ಸುಲಭ. ಜೆಪೆಗ್ ಫೋಟೊಗಳು ಮಾತ್ರ ಮೊದಲೇ ಕುಗ್ಗಿದವು, ಇಲ್ಲಿ ಜಗ್ಗುವುದಿಲ್ಲ. ಒಟ್ಟಾರೆ ಎರಡಕ್ಕೊಂದು ಎಂಬುದು ಲಿನಕ್ಸ್ ಕೈಪಿಡಿಯ ಅಂದಾಜು. ಕುಗ್ಗಿಸಿ ಹಿಗ್ಗಿಸುವ ದುಡಿಮೆ ಪ್ರೊಸೆಸರ್‌ನ ತಲೆಗೆ.

ನಿತಿನ್ ಗುಪ್ತಾ ಬರೆದ 'ಕಂಪ್‌ಕ್ಯಾಶ್' ಇದರ ಮೂಲ. 2013ರಲ್ಲಿ ಆಂಡ್ರಾಯ್ಡ್ 4.4 ಇದೇ ಉಪಾಯದ ಬಲದಿಂದ 512 ಎಂಬಿ ಫೋನ್‌ಗಳಿಗೂ ಇಳಿಯಿತು. 2014ರ ಲಿನಕ್ಸ್ 3.14ರಲ್ಲಿ ಝಡ್‌ರ‍್ಯಾಮ್‌ಗೆ ಕಾಯಂ ಜಾಗ ಸಿಕ್ಕಿತು.

ಆದರೆ ಈ ಕಥೆಯ ರಸವತ್ತಾದ ಅಧ್ಯಾಯ 1995ರದು. ಅಮೆರಿಕದ ಸಿಂಕ್ರೊನಿಸ್ ಕಂಪನಿ 'ಸಾಫ್ಟ್‌ರ‍್ಯಾಮ್95' ಎಂಬ ತಂತ್ರಾಂಶ ಮಾರಿತು: ಹಾಕಿದರೆ ರ‍್ಯಾಮ್ ಇಮ್ಮಡಿ ಎಂಬ ಭರವಸೆ. ಜನ ಲಕ್ಷಗಟ್ಟಲೆ ಪ್ರತಿ ಕೊಂಡರು. ತಂತ್ರಾಂಶ ತಜ್ಞ ಮಾರ್ಕ್ ರುಸಿನೋವಿಚ್ ಮತ್ತು ಸಂಗಡಿಗರು ಬಿಚ್ಚಿ ನೋಡಿದರೆ ಒಳಗೆ ಕುಗ್ಗಿಸುವ ಕೆಲಸವೇ ನಡೆಯುತ್ತಿರಲಿಲ್ಲ! ದತ್ತಾಂಶವನ್ನು ಇದ್ದ ಹಾಗೇ ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುತ್ತಿತ್ತು, ಅಷ್ಟೇ. ಪರದೆಯ ಮೇಲಿನ ಮೀಟರ್ ಮಾತ್ರ ಉಬ್ಬಿದ ಅಂಕಿ ತೋರಿಸುತ್ತಿತ್ತು. ಕಂಪನಿ ಸರಕು ವಾಪಸ್ ತರಿಸಿಕೊಂಡಿತು. 1996ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಯಿತು.

ಅಂಥ ಮೀಟರಿನ ದೂರದ ನೆಂಟರು ಇಂದು ಮೊಬೈಲ್ ಅಂಗಡಿಗಳಲ್ಲಿ '4+4 ಜಿಬಿ' ಸ್ಟಿಕರ್ ಅಂಟಿಸಿಕೊಂಡು ಕೂತಿದ್ದಾರೆ. ಇದು ಪೂರಾ ಸುಳ್ಳಲ್ಲ. ಆದರೆ ಎರಡನೆಯ ನಾಲ್ಕು ರ‍್ಯಾಮ್ ಅಲ್ಲ, ಫೋನಿನ ಸ್ಟೋರೇಜ್‌ನಿಂದ ಕಡ ತಂದ ಜಾಗ. ರ‍್ಯಾಮಿನ ವೇಗ ಅದಕ್ಕಿಲ್ಲ. ಕೊಳ್ಳುವವರು ಕೇಳಬೇಕಾದದ್ದು ಕೂಡಿಸುವ ಚಿಹ್ನೆಯ ಎಡಗಡೆ ಎಷ್ಟಿದೆ ಎಂದಷ್ಟೇ.