ರೊಟ್ಟಿ ಬಡಿಯುವ ಕೈಗೂ ಒಂದು ಲೆಕ್ಕ

ಸ್ವಂತ ಉದ್ಯಮ ಆರಂಭಿಸುವವರಿಗೆ ಇಂದು ಸಲಹೆಗಳ ಕೊರತೆಯಿಲ್ಲ. ಸಾಲ ಎಲ್ಲಿ ದೊರೆಯುತ್ತದೆ, ಸಹಾಯಧನಕ್ಕೆ ಯಾವ ಅರ್ಜಿ, ಸರಕಿಗೆ ಎಂಥ ಹೆಸರು, ಪೊಟ್ಟಣಕ್ಕೆ ಯಾವ ಬಣ್ಣ ಎಂಬುದನ್ನೆಲ್ಲ ಹೇಳಿಕೊಡುವ ತರಬೇತಿ ಶಿಬಿರಗಳು ತಾಲ್ಲೂಕು ಕೇಂದ್ರಗಳಲ್ಲೂ ನಡೆಯುತ್ತವೆ. ಆದರೆ ಈ ವ್ಯವಹಾರ ಬೆಳೆದ ಮೇಲೂ ಅದನ್ನು ಕಟ್ಟಿದವರಿಗೆ ಅದು ತಮ್ಮದೆಂದು ಅನ್ನಿಸೀತೇ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿದ್ದನ್ನು ನಾನು ಕಂಡದ್ದು ಕಡಿಮೆ.

ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರುಗಳಲ್ಲಿ ಈ ಪ್ರಶ್ನೆಗೆ ಜೋಳದ ರೊಟ್ಟಿಯ ರೂಪವಿದೆ. ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳನ್ನೂ ಒಳಗೊಂಡ ಈ ಸೀಮೆ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯ ನಾಡು. ಎರೆ ಭೂಮಿಯ ತೇವವನ್ನೇ ನಂಬಿ ಹಿಂಗಾರಿನಲ್ಲಿ ಬೆಳೆಯುವ ಬಿಳಿಜೋಳ, ಅದರಲ್ಲೂ ಮಾಲ್ದಂಡಿ, ಇಲ್ಲಿನ ಅಡುಗೆಮನೆಯ ಆಧಾರ. ಗೋಧಿಹಿಟ್ಟಿನಲ್ಲಿರುವ ಅಂಟು ಜೋಳದ ಹಿಟ್ಟಿಗಿಲ್ಲ. ಆದ್ದರಿಂದ ಕುದಿನೀರಿನಲ್ಲಿ ಹಿಟ್ಟನ್ನು ಕಲಸಿ, ನಾದಿ, ಹದಕ್ಕೆ ತಂದು ಕೈಯಿಂದ ಬಡಿಯಬೇಕು. ಹಿಟ್ಟು ಹಳೆಯದಾದರೆ ಜಿಗಿ ಕಳೆದುಕೊಂಡು ರೊಟ್ಟಿಯ ಅಂಚು ಸೀಳುತ್ತದೆ. ಈ ಹದವನ್ನು ಯಾವ ಪುಸ್ತಕವೂ ಕಲಿಸಲಾರದು. ಅದು ಅಂಗೈಗೆ ತಿಳಿದ ವಿದ್ಯೆ.

ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಈ ಒಂದು ಗುಣವೇ ಅಡುಗೆಮನೆಯ ಕೆಲಸವನ್ನು ಮಾರುಕಟ್ಟೆಗೆ ತಂದಿತು. ಖಾನಾವಳಿಗಳು, ಮದುವೆ ಮನೆಗಳು, ದೂರದ ನಗರಗಳ ಅಂಗಡಿಗಳು ಉತ್ತರ ಕರ್ನಾಟಕದ ಮಹಿಳೆಯರು ಬಡಿದ ರೊಟ್ಟಿಗೆ ಗಿರಾಕಿಗಳಾದವು. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಇಂಥ ಅನೇಕ ಮಹಿಳೆಯರನ್ನು ಸ್ವಸಹಾಯ ಗುಂಪುಗಳಾಗಿ ಸಂಘಟಿಸಿತು. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯು ಯೋಜನಾ ವೆಚ್ಚದ ಶೇ 35ರಷ್ಟನ್ನು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಸಹಾಯಧನವಾಗಿ ನೀಡಿತು. ಇವು ಸ್ವಾಗತಾರ್ಹ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಸೇವೆಯಲ್ಲಿದ್ದಾಗ ನಾನು ಓದಿದ ಯೋಜನಾ ವರದಿಗಳಲ್ಲಿ ಯಂತ್ರದ ಬೆಲೆಗೆ, ಕಟ್ಟಡದ ಬಾಡಿಗೆಗೆ ಸ್ಥಳವಿರುತ್ತಿತ್ತು. ಕೈಯ ಹದಕ್ಕೆ ಸ್ಥಳವಿರಲಿಲ್ಲ.

ಇದು ಅರ್ಥಶಾಸ್ತ್ರದ ಪಠ್ಯದಿಂದಲೇ ಬಂದ ಕುರುಡು. ನಾವು ಎಂ.ಎ. ತರಗತಿಯಲ್ಲಿ ಓದಿದಂತೆ ಉದ್ಯಮಿಯ ಗುರಿ ಲಾಭವನ್ನು ಗರಿಷ್ಠಗೊಳಿಸುವುದು. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಮಾತ್ರ, ಮನುಷ್ಯರು ಗರಿಷ್ಠವನ್ನು ಹುಡುಕುವುದಕ್ಕಿಂತ ತಮಗೆ ತೃಪ್ತಿಯೆನಿಸುವ ಮಟ್ಟ ಸಿಕ್ಕಲ್ಲಿ ನಿಲ್ಲುತ್ತಾರೆಂದು ವಾದಿಸಿದರು. ಬಸವಣ್ಣನವರ ಹೆಸರು ಹೊತ್ತ ತಾಲ್ಲೂಕಿನವರಿಗೆ ಇದು ಹೊಸ ಮಾತೇನಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಮರಳಿಸಿ ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗ ಶರಣ ಪರಂಪರೆಯಲ್ಲಿ ಪ್ರಸಿದ್ಧ. ಇದನ್ನು ವೈರಾಗ್ಯದ ಕಥೆಯೆಂದಷ್ಟೇ ಓದಬೇಕಿಲ್ಲ. ದುಡಿಮೆಯ ಅಳತೆಗೋಲು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯೂ ಅದರಲ್ಲಿದೆ.

ಆ ಅಳತೆಗೋಲನ್ನು ಬಿಟ್ಟುಕೊಡದ ಆಧುನಿಕ ಉದಾಹರಣೆ ಬೆಂಗಳೂರಿನಲ್ಲಿದೆ. 1924ರಲ್ಲಿ ಆರಂಭವಾಗಿ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಎಂಟಿಆರ್ ಉಪಾಹಾರ ಗೃಹವು ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂಕಟಕ್ಕೆ ಸಿಲುಕಿತು. ಹೋಟೆಲ್ ತಿಂಡಿಗಳಿಗೆ ಸರ್ಕಾರ ಅತಿ ಕಡಿಮೆ ದರ ನಿಗದಿಪಡಿಸಿದಾಗ, ಗುಣಮಟ್ಟ ಇಳಿಸುವುದು ಎಲ್ಲಕ್ಕಿಂತ ಸುಲಭದ ದಾರಿಯಾಗಿತ್ತು. ಮಯ್ಯ ಕುಟುಂಬ ಉಪಾಹಾರ ಗೃಹವನ್ನೇ ಮುಚ್ಚಿ, ದಿಢೀರ್ ತಿಂಡಿಗಳ ಸಿದ್ಧ ಮಿಶ್ರಣ ತಯಾರಿಕೆಗೆ ತಿರುಗಿತು. ದರದ ಆದೇಶ ಹೊರಡಿಸಿದವರು ನನಗಿಂತ ಹಿಂದಿನ ತಲೆಮಾರಿನ ಅಧಿಕಾರಿಗಳು. ಬೆಲೆ ಇಳಿಸಲು ಆದೇಶ ಸಾಕು, ಆದರೆ ಆ ಬೆಲೆಗೆ ಅದೇ ರುಚಿ ಕೊಡಿಸಲು ಆದೇಶಕ್ಕೆ ಬಲವಿಲ್ಲ ಎಂಬುದು ಅಂದು ತಿಳಿದ ಪಾಠ. ಎಂಬತ್ತರ ದಶಕದಲ್ಲಿ ಉಪಾಹಾರ ಗೃಹ ಮತ್ತೆ ತೆರೆಯಿತು. ಸಿದ್ಧ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಒರ್ಕ್ಲಾ ಪಾಲಾದರೂ ಉಪಾಹಾರ ಗೃಹ ಕುಟುಂಬದ ಕೈಯಲ್ಲೇ ಉಳಿಯಿತು. ಯಾವುದನ್ನು ಮಾರಬಹುದು, ಯಾವುದನ್ನು ಮಾರಲಾಗದು ಎಂಬ ವಿವೇಚನೆ ಇಲ್ಲಿ ಸ್ಪಷ್ಟವಾಗಿದೆ.

ಹಾಗಾದರೆ ಸ್ವಂತಿಕೆ ಉಳಿಯಬೇಕಾದರೆ ಉದ್ಯಮ ಸಣ್ಣದಾಗಿಯೇ ಇರಬೇಕೆ? ಲಿಜ್ಜತ್ ಹಪ್ಪಳದ ಇತಿಹಾಸ ಹಾಗೆ ಹೇಳುವುದಿಲ್ಲ. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಆ ಸಂಸ್ಥೆ ಇಂದು ಸಾವಿರಾರು ಸದಸ್ಯೆಯರದ್ದು. ಹಿಟ್ಟು ಕಲಸುವ ಕೆಲಸ ಕೇಂದ್ರದಲ್ಲಿ, ಲಟ್ಟಿಸುವ ಕೆಲಸ ಸದಸ್ಯೆಯರ ಮನೆಗಳಲ್ಲಿ. ದುಡಿಯುವವರೇ ಒಡತಿಯರು. ಗಾತ್ರ ಬೆಳೆದರೂ ಕೈಕೆಲಸ ಮತ್ತು ಒಡೆತನ ಎರಡನ್ನೂ ಅವರು ಬಿಡಲಿಲ್ಲ.

ಆದರೆ ‘ಕೈರುಚಿ’ಯ ಹೊಗಳಿಕೆಯಲ್ಲೂ ಒಂದು ಅಪಾಯವಿದೆ. ನಸುಕಿನಲ್ಲೆದ್ದು ಹಂಚಿನ ಕಾವಿನೆದುರು ಕೂತು ನೂರಾರು ರೊಟ್ಟಿ ಬಡಿಯುವವಳ ಮಣಿಕಟ್ಟಿನ ನೋವನ್ನು ಸಂಪ್ರದಾಯವೆಂದು ಕರೆದು ನಾವು ಸುಮ್ಮನಾಗುತ್ತೇವೆ. ಪೇಟೆಯಲ್ಲಿ ಪಿಜ್ಜಾ ದುಬಾರಿಯಾದರೆ ಚೌಕಾಸಿ ಮಾಡದ ಮಧ್ಯಮ ವರ್ಗ, ಒಂದು ರೊಟ್ಟಿಗೆ ಎರಡು ರೂಪಾಯಿ ಏರಿದರೆ ಹುಬ್ಬೇರಿಸುತ್ತದೆ. ಯಂತ್ರ ಬಂದು ಆ ನೋವು ಕಡಿಮೆಯಾಗುವುದಾದರೆ ಅದನ್ನು ವಿರೋಧಿಸುವ ಹಕ್ಕು ತಿನ್ನುವವರಿಗಿಲ್ಲ. ಹಿಟ್ಟು ನಾದುವುದನ್ನು ಯಂತ್ರಕ್ಕೆ ಬಿಟ್ಟು ಬಡಿಯುವುದನ್ನು ಕೈಯಲ್ಲಿ ಉಳಿಸಿಕೊಳ್ಳಬೇಕೇ, ಎರಡನ್ನೂ ಯಂತ್ರಕ್ಕೆ ಒಪ್ಪಿಸಬೇಕೇ ಎಂಬುದನ್ನು ಅವಳೇ ನಿರ್ಧರಿಸಬೇಕು. ಆ ನಿರ್ಧಾರ ಅವಳದಾಗಿರುವಷ್ಟು ಕಾಲ ಉದ್ಯಮವೂ ಅವಳದೇ.

ಆದ್ದರಿಂದ ಸಾಲ ಮಂಜೂರು ಮಾಡುವವರು ವರ್ಷಕ್ಕೆ ಎಷ್ಟು ಬೆಳೆಯುತ್ತೀರಿ ಎಂದು ಕೇಳುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಏನೇ ಆದರೂ ನೀವು ಬದಲಿಸದಿರುವುದು ಯಾವುದು? ಅದನ್ನು ಉಳಿಸಿಕೊಳ್ಳಲು ತಗಲುವ ವೆಚ್ಚವನ್ನು, ನಿಮ್ಮ ಸ್ವಂತ ಕೂಲಿಯನ್ನೂ ಸೇರಿಸಿ, ಬೆಲೆಯಲ್ಲಿ ಹಿಡಿದಿದ್ದೀರಾ? ಮೊದಲನೆಯದಕ್ಕೆ ಉತ್ತರವಿಲ್ಲದ ಉದ್ಯಮ ಎಷ್ಟೇ ಲಾಭ ತಂದರೂ ತನ್ನ ಒಡೆಯನಿಗೆ ಪರಕೀಯವಾಗುತ್ತದೆ. ಎರಡನೆಯದಕ್ಕೆ ಉತ್ತರವಿಲ್ಲದ್ದು ಎಷ್ಟೇ ಆತ್ಮೀಯವಾಗಿದ್ದರೂ ಬಾಳುವುದಿಲ್ಲ. ಕನ್ನೊಳ್ಳಿ ಸೀಮೆಯ ಹೆಣ್ಣುಮಗಳು ಸಂತೆಗೆ ಒಯ್ಯುವ ಬುಟ್ಟಿಯಲ್ಲಿ ಈ ಎರಡೂ ಉತ್ತರಗಳಿರಬೇಕು. ಎರಡನೆಯ ಉತ್ತರವನ್ನು ನಿಜ ಮಾಡುವ ಹೊಣೆ ರೊಟ್ಟಿ ಕೊಳ್ಳುವ ನಮ್ಮದೂ ಆಗಿದೆ.