ಗಾಯದಿಂದ ಮರಳಿದ ಹುಡುಗನೂ ಕ್ಲಬ್ಬಿನ ಕರಾರೂ

ದಿನಪತ್ರಿಕೆಯ ಆಟೋಟಗಳ ಪುಟದಲ್ಲಿ ಒಂದು ಚಿಕ್ಕ ಸುದ್ದಿ ಆಗಾಗ ನಿಮ್ಮ ಕಣ್ಣಿಗೆ ಬಿದ್ದಿರಬಹುದು: ಗಾಯದಿಂದ ಚೇತರಿಸಿಕೊಂಡ ತರುಣ ರಕ್ಷಣಾ ಆಟಗಾರನೊಬ್ಬನನ್ನು ಇಂಥ ಫುಟ್‌ಬಾಲ್ ಕ್ಲಬ್ಬು ಸೇರಿಸಿಕೊಂಡಿದೆ ಎಂದು. ಸುದ್ದಿ ನಾಲ್ಕು ಸಾಲು ಮೀರುವುದಿಲ್ಲ. ಪಕ್ಕದಲ್ಲಿ ಹುಡುಗ ಕ್ಲಬ್ಬಿನ ಅಂಗಿಯನ್ನು ಹಿಡಿದು ನಗುತ್ತಿರುವ ಚಿತ್ರವೊಂದಿರುತ್ತದೆ. ನಾವು ಅದನ್ನು ಓದಿ ಪುಟ ಮಗುಚುತ್ತೇವೆ. ಆದರೆ ಆ ನಾಲ್ಕು ಸಾಲಿನ ಹಿಂದೆ ವೈದ್ಯರ ಕೆಲಸವಿದೆ, ವಕೀಲರ ಕೆಲಸವಿದೆ, ಹಣದ ಲೆಕ್ಕವಿದೆ. ಎಲ್ಲಕ್ಕೂ ಮಿಗಿಲಾಗಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನ ಅನ್ನದ ಪ್ರಶ್ನೆಯಿದೆ. ಅದೆಲ್ಲ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

ಮೊದಲು ಆಟಗಾರನ ಕೆಲಸವನ್ನು ನೋಡಿ. ಮುಂಪಡೆಯವನು ತಾನು ಎತ್ತ ತಿರುಗಬೇಕೆಂಬುದನ್ನು ತಾನೇ ನಿಶ್ಚಯಿಸುತ್ತಾನೆ. ರಕ್ಷಣೆಗೆ ನಿಂತವನಿಗೆ ಆ ಸ್ವಾತಂತ್ರ್ಯವಿಲ್ಲ. ಎದುರಾಳಿ ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ನುಗ್ಗಿದರೆ ಇವನೂ ಆ ಕ್ಷಣದಲ್ಲಿಯೇ ಬಲಕ್ಕೆ ಹೊರಳಬೇಕು. ಹಿಂದು ಹಿಂದಕ್ಕೆ ಓಡುತ್ತಿದ್ದವನು ಗಕ್ಕನೆ ನಿಲ್ಲಬೇಕು. ಚೆಂಡಿಗಾಗಿ ಮೇಲೆ ಹಾರಿದವನು ಒಂದೇ ಕಾಲಿನ ಮೇಲೆ ಇಳಿಯಬೇಕಾಗಬಹುದು. ಪಾದ ಹುಲ್ಲಿನಲ್ಲಿ ನೆಟ್ಟು ನಿಂತಿರುವಾಗ ದೇಹ ಮಾತ್ರ ತಿರುಗಿತೆನ್ನಿ, ಆ ತಿರುಚಿನ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ.

ಮೊಣಕಾಲಿನ ಒಳಗೆ ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಬಿಗಿಯುವ ಎರಡು ಗಟ್ಟಿಯಾದ ನಾರಿನ ಕಟ್ಟುಗಳಿವೆ. ಅವು ಒಂದನ್ನೊಂದು ಅಡ್ಡವಾಗಿ ಹಾಯ್ದು ಹೋಗುವುದರಿಂದ ಅವನ್ನು ಅಡ್ಡರಜ್ಜುಗಳೆಂದು ಕರೆಯಬಹುದು. ಮುಂದಿನ ಅಡ್ಡರಜ್ಜುವನ್ನೇ ಆಟದ ಮೈದಾನದಲ್ಲಿ ಎಲ್ಲರೂ ಎ.ಸಿ.ಎಲ್. ಎನ್ನುತ್ತಾರೆ. ಅದರ ಉದ್ದ ಸುಮಾರು ೩ ಸೆಂಟಿಮೀಟರು ಮಾತ್ರ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆಯೂ ಮಿತಿಮೀರಿ ತಿರುಗದಂತೆಯೂ ಅದು ತಡೆಹಿಡಿಯುತ್ತದೆ. ಇದು ಹರಿಯುವುದು ಬಹುಮಟ್ಟಿಗೆ ಯಾರೋ ಒದ್ದದ್ದರಿಂದ ಎಂದು ನೀವು ಭಾವಿಸಬಹುದು. ಹಾಗಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಎದುರಾಳಿಯ ಕಾಲು ಈ ಮೊಣಕಾಲಿಗೆ ತಾಗಿಯೇ ಇರುವುದಿಲ್ಲ. ಹಾರಿ ಇಳಿಯುವಾಗಲೋ ಹೊರಳುವಾಗಲೋ ಅದು ತಾನಾಗಿ ಹರಿಯುತ್ತದೆ. ಒಳಗೆ 'ಪಟ್' ಎಂದ ಸದ್ದು ಕೇಳಿಸಿತೆಂದು ಎಷ್ಟೋ ಮಂದಿ ಆಟಗಾರರು ಹೇಳುತ್ತಾರೆ.

ಒಂದು ಕಾಲಕ್ಕೆ ಈ ಗಾಯವೆಂದರೆ ಆಟ ಮುಗಿಯಿತೆಂದೇ ಅರ್ಥ. ಇಂಗ್ಲೆಂಡಿನ ಸಂಡರ್ಲೆಂಡ್ ಕ್ಲಬ್ಬಿನಲ್ಲಿ ಬ್ರಯನ್ ಕ್ಲಫ್ ಎಂಬ ಮುಂಪಡೆಯ ಆಟಗಾರನಿದ್ದ. ಲೀಗ್ ಪಂದ್ಯಗಳಲ್ಲಿ ೨೭೪ ಆಟಗಳಿಗೆ ೨೫೧ ಗೋಲು ಹೊಡೆದವನು ಆತ. ೧೯೬೨ರ ಡಿಸೆಂಬರ್ ೨೬ರಂದು ಬರಿ ತಂಡದೊಡನೆ ಆಡುತ್ತಿದ್ದಾಗ ಮೊಣಕಾಲಿನ ರಜ್ಜುಗಳು ಹರಿದವು. ಆಗ ಅವನ ವಯಸ್ಸು ೨೭. ೧೯೬೪ರಲ್ಲಿ ಮರಳಿ ಬಂದು ಮೂರು ಪಂದ್ಯ ಆಡಿದ. ಕಾಲು ಒಪ್ಪಲಿಲ್ಲ, ಆಟ ಬಿಟ್ಟ. ಮುಂದೆ ಅವನು ದೊಡ್ಡ ತರಬೇತುದಾರನಾದನೆಂಬುದು ನಿಜ. ಆದರೆ ಎಲ್ಲರ ಹಣೆಯಲ್ಲೂ ಹಾಗೆ ಬರೆದಿರುವುದಿಲ್ಲವಷ್ಟೆ.

ಈಗಿನ ಸ್ಥಿತಿ ಬೇರೆ. ಹರಿದ ರಜ್ಜುವಿನ ಸ್ಥಾನದಲ್ಲಿ ಹೊಸದೊಂದನ್ನು ಕೂಡಿಸುವ ಶಸ್ತ್ರಚಿಕಿತ್ಸೆ ಬೆಳೆದಿದೆ. ಸಣ್ಣ ರಂಧ್ರದ ಮೂಲಕ ದೂರದರ್ಶಕದಂಥ ನಳಿಕೆಯನ್ನು ಒಳಗೆ ಬಿಟ್ಟು, ರೋಗಿಯ ಮಂಡಿಚಿಪ್ಪಿನ ಕೆಳಗಿನ ಸ್ನಾಯುಬಂಧದಿಂದಲೋ ತೊಡೆಯ ಹಿಂಬದಿಯ ಸ್ನಾಯುಬಂಧದಿಂದಲೋ ಒಂದು ಪಟ್ಟಿಯನ್ನು ತೆಗೆದು, ಮೂಳೆಗಳಲ್ಲಿ ತೂತು ಕೊರೆದು, ಅದನ್ನು ಅಲ್ಲಿ ಬಿಗಿಯುತ್ತಾರೆ. ಇಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಕೂಡಿಸಿದ ದಿನವೇ ಆ ಪಟ್ಟಿ ರಜ್ಜುವಾಗುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಅದರ ಹಳೆಯ ಜೀವಕೋಶಗಳು ಸಾಯುತ್ತವೆ. ಹೊಸ ರಕ್ತನಾಳಗಳು ಬರುತ್ತವೆ. ನಿಧಾನವಾಗಿ ಅದು ರಜ್ಜುವಿನ ಗುಣವನ್ನು ಪಡೆಯುತ್ತದೆ. ನಾಟಿ ಹಾಕಿದ ಪೈರು ಮೊದಲು ಬಾಡಿ, ಆಮೇಲೆ ಬೇರು ಬಿಟ್ಟು ಚಿಗುರುವುದನ್ನು ನಮ್ಮ ರೈತರು ಬಲ್ಲರು. ಇದೂ ಹಾಗೆಯೇ. ಅಪಾಯವಿರುವುದು ಇಲ್ಲಿಯೇ: ಮೂರು ನಾಲ್ಕು ತಿಂಗಳಿಗೆ ನೋವು ಇರುವುದಿಲ್ಲ, ಊತ ಇಳಿದಿರುತ್ತದೆ, ಹುಡುಗನಿಗೆ ತಾನು ಗುಣವಾದೆನೆಂದೇ ಅನ್ನಿಸುತ್ತದೆ. ಒಳಗಿನ ಪಟ್ಟಿ ಮಾತ್ರ ಇನ್ನೂ ಎಳೆಯದಾಗಿರುತ್ತದೆ.

ಆದ್ದರಿಂದಲೇ ಕಾಲದ ಲೆಕ್ಕಕ್ಕೆ ಇಷ್ಟು ಮಹತ್ವ. ೨೦೧೬ರಲ್ಲಿ ಪ್ರಕಟವಾದ ನಾರ್ವೆ ಮತ್ತು ಅಮೆರಿಕದ ಸಂಶೋಧಕರ ಅಧ್ಯಯನವೊಂದು ೧೦೬ ಮಂದಿಯನ್ನು ಗಮನಿಸಿ ಹೇಳಿದ್ದು ಇದು: ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಅದೇ ವರ್ಷದ ಇನ್ನೊಂದು ಸಮೀಕ್ಷೆ, ೨೫ರ ಒಳಗಿನ ವಯಸ್ಸಿನಲ್ಲಿ ಆಟಕ್ಕೆ ಮರಳಿದವರಲ್ಲಿ ನಾಲ್ವರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಆ ಕಾಲಿನಲ್ಲಿಯೋ ಇನ್ನೊಂದು ಕಾಲಿನಲ್ಲಿಯೋ ಎರಡನೆಯ ಸಲ ರಜ್ಜು ಹರಿಯುತ್ತದೆಂದು ತೋರಿಸಿತು. ಎಳೆಯ ವಯಸ್ಸು ಬೇಗ ಗುಣವಾಗಲು ನೆರವಾಗುತ್ತದೆಂದು ನಾವು ನಂಬಿದ್ದೇವೆ. ಈ ಗಾಯದ ವಿಷಯದಲ್ಲಿ ಎಳೆಯರೇ ಹೆಚ್ಚು ಎಚ್ಚರದಿಂದಿರಬೇಕು. ಏಕೆಂದರೆ ಅವರೇ ಹೆಚ್ಚು ವೇಗವಾಗಿ, ಹೆಚ್ಚು ದಿನ, ಹೆಚ್ಚು ಸಾಹಸದಿಂದ ಆಡುವವರು.

ಹೀಗಿರುವಾಗ ಕ್ಲಬ್ಬಿನವರು ಏನನ್ನು ಪರೀಕ್ಷಿಸುತ್ತಾರೆ? ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕ್ಲಬ್ಬಿನ ವೈದ್ಯನ ಕೆಲಸವೂ ಸ್ವಲ್ಪ ಅದೇ ಬಗೆಯದು. ಹೃದಯದ ಪರೀಕ್ಷೆಯ ನಂತರ ಕಾಲುಗಳ ಸರದಿ. ಎಂ.ಆರ್.ಐ. ಯಂತ್ರದಿಂದ ಮೊಣಕಾಲಿನ ಒಳಚಿತ್ರ ತೆಗೆದು, ರಜ್ಜುವಿನ ಜೊತೆಗೆ ಅಲ್ಲಿನ ಮೆತ್ತೆಯಂಥ ಮೃದ್ವಸ್ಥಿಗೂ ಏಟು ಬಿದ್ದಿದೆಯೇ ಎಂದು ನೋಡುತ್ತಾರೆ. ತೊಡೆಯ ಸ್ನಾಯುವಿನ ಬಲವನ್ನು ಯಂತ್ರದಿಂದ ಅಳೆದು ಎರಡು ಕಾಲನ್ನೂ ಹೋಲಿಸುತ್ತಾರೆ. ಪೆಟ್ಟು ಬಿದ್ದ ಕಾಲಿನ ಬಲ ಇನ್ನೊಂದರ ಬಲದ ನೂರಕ್ಕೆ ತೊಂಬತ್ತಾದರೂ ಇರಬೇಕೆಂಬುದು ಸಾಮಾನ್ಯವಾಗಿ ಹಿಡಿಯುವ ಅಳತೆ. ಒಂಟಿಕಾಲಿನಲ್ಲಿ ಕುಪ್ಪಳಿಸಿ ಎಷ್ಟು ದೂರ ಹೋದ, ಇಳಿಯುವಾಗ ಮಂಡಿ ಒಳಕ್ಕೆ ವಾಲಿತೇ ಎಂಬುದನ್ನು ಗಮನಿಸುತ್ತಾರೆ. ಅಳತೆಗೆ ಸುಲಭವಾಗಿ ಸಿಗದ ಇನ್ನೊಂದು ಸಂಗತಿಯಿದೆ, ಅದು ಭಯ. ಕಾಲು ಸರಿಯಿದ್ದರೂ ಮನಸ್ಸು ಹಿಂಜರಿದರೆ ರಕ್ಷಣೆಗೆ ನಿಂತವನು ಅರ್ಧ ಹೆಜ್ಜೆ ತಡವಾಗಿ ಹೊರಡುತ್ತಾನೆ. ಅಷ್ಟರಲ್ಲಿ ಗೋಲು ಆಗಿಹೋಗಿರುತ್ತದೆ.

ಇಷ್ಟು ಅನುಮಾನವಿದ್ದರೂ ಕ್ಲಬ್ಬುಗಳು ಇಂಥವರನ್ನು ಏಕೆ ಸೇರಿಸಿಕೊಳ್ಳುತ್ತವೆ? ಲೆಕ್ಕ ಸರಳವಾದುದು. ಗಾಯದ ದೆಸೆಯಿಂದ ಬೆಲೆ ಇಳಿದಿರುತ್ತದೆ, ಅಥವಾ ಹಳೆಯ ಕರಾರು ತೀರಿ ಆಟಗಾರ ಬಿಡುವಾಗಿರುತ್ತಾನೆ. ವಯಸ್ಸು ಮಾತ್ರ ಇನ್ನೂ ಮುಂದಿರುತ್ತದೆ. ಕಾದವರಿಗೆ ಫಲ ಸಿಕ್ಕ ನಿದರ್ಶನಗಳೂ ಇವೆ. ೨೦೦೦ದ ಏಪ್ರಿಲಿನಲ್ಲಿ ಹಾಲೆಂಡಿನ ರೂಡ್ ವಾನ್ ನಿಸ್ಟಲ್‌ರಾಯ್ ಮ್ಯಾಂಚೆಸ್ಟರ್ ಯುನೈಟೆಡ್ ಸೇರುವುದಿತ್ತು. ಮೊಣಕಾಲಿನ ಬಗ್ಗೆ ಸಂದೇಹ ಬಂದು ವ್ಯವಹಾರ ನಿಂತಿತು. ಬೆನ್ನಲ್ಲೇ ಅಭ್ಯಾಸದಲ್ಲಿ ಅದೇ ಮೊಣಕಾಲಿನ ರಜ್ಜು ಹರಿಯಿತು. ಒಂದು ವರ್ಷ ಕಳೆದು ೨೦೦೧ರಲ್ಲಿ ಅದೇ ಕ್ಲಬ್ಬು ೧೯ ಮಿಲಿಯನ್ ಪೌಂಡು ಕೊಟ್ಟು ಅವನನ್ನು ಕರೆದುಕೊಂಡಿತು. ಐದು ಋತುಗಳಲ್ಲಿ ಅವನು ೨೧೯ ಪಂದ್ಯಗಳಿಗೆ ೧೫೦ ಗೋಲು ಹೊಡೆದ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಫ್ರಾನ್ಸಿನ ರಕ್ಷಣಾ ಆಟಗಾರ ವೆಸ್ಲಿ ಫೊಫಾನಾ ಲೆಸ್ಟರ್ ಸಿಟಿಯಲ್ಲಿದ್ದಾಗ, ೨೦೨೧ರ ಆಗಸ್ಟಿನಲ್ಲಿ, ಸ್ನೇಹಪಂದ್ಯವೊಂದರಲ್ಲಿ ಕಾಲಿನ ಮೂಳೆ ಮುರಿಯಿತು. ೨೦೨೨ರ ಮಾರ್ಚಿನಲ್ಲಿ ಮರಳಿದ. ಆಗಸ್ಟ್ ಕೊನೆಗೆ ಚೆಲ್ಸಿ ಕ್ಲಬ್ಬು ಏಳು ವರ್ಷಗಳ ಕರಾರಿನ ಮೇಲೆ ಅವನನ್ನು ತೆಗೆದುಕೊಂಡಿತು. ಆಗ ಅವನಿಗೆ ೨೧ ವರ್ಷ. ಅಕ್ಟೋಬರಿನಲ್ಲಿ ಎ.ಸಿ. ಮಿಲಾನ್ ವಿರುದ್ಧ ಗೋಲು ಹೊಡೆದ ಪಂದ್ಯದಲ್ಲಿಯೇ ಮೊಣಕಾಲು ಕೈಕೊಟ್ಟಿತು. ೨೦೨೩ರ ಜುಲೈಯಲ್ಲಿ ಅಡ್ಡರಜ್ಜುವಿನ ಶಸ್ತ್ರಚಿಕಿತ್ಸೆಯಾಗಿ, ೨೦೨೩-೨೪ರ ಋತುವನ್ನು ಪೂರ್ತಿಯಾಗಿ ಕಳೆದುಕೊಂಡ. ಮೊದಲ ಮುರಿತ ಚೆನ್ನಾಗಿ ಕೂಡಿತ್ತು. ಎರಡನೆಯ ಪೆಟ್ಟು ಬೇರೆ ಕಡೆಯಿಂದ ಬಂತು. ವೈದ್ಯನ ಪರೀಕ್ಷೆ ಇಂದಿನ ಕಾಲನ್ನು ತೋರಿಸಬಲ್ಲುದು. ನಾಳೆಗೆ ಅದು ಹೊಣೆಯಾಗಲಾರದು.

ಹಾಗಾದರೆ ನಾಳೆಯ ಹೊಣೆ ಯಾರದು? ಕರಾರಿನ ಮಾತು ಬರುವುದು ಇಲ್ಲಿ. ಜಾತ್ರೆಯ ಎತ್ತಿಗೆ ಬಾಯಿಲ್ಲ. ಆಟಗಾರನಿಗೆ ಬಾಯಿಯಿದೆ, ಅವನ ಪರವಾಗಿ ನಿಯಮವೂ ಇದೆ. ಪ್ರಪಂಚದ ಫುಟ್‌ಬಾಲ್ ಆಡಳಿತ ನಡೆಸುವ ಫೀಫಾ ಸಂಸ್ಥೆಯ ನಿಯಮಾವಳಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಕರಾರು ಊರ್ಜಿತ ಎಂಬ ಷರತ್ತನ್ನು ಹಾಕುವಂತಿಲ್ಲ. ಎಂದರೆ ಪರೀಕ್ಷೆಯನ್ನು ಮೊದಲು ಮಾಡಿ, ಆಮೇಲೆ ರುಜು ಹಾಕಬೇಕು. ರುಜು ಹಾಕಿಸಿಕೊಂಡು, ಬೇರೆ ಕ್ಲಬ್ಬುಗಳ ದಾರಿಯನ್ನು ಮುಚ್ಚಿಸಿ, 'ನಿನ್ನ ಮಂಡಿ ನಮಗೆ ಒಪ್ಪಿಗೆಯಾಗಲಿಲ್ಲ, ಹೋಗಿ ಬಾ' ಎನ್ನುವಂತಿಲ್ಲ. ಕರಾರಿನ ಅವಧಿ ಸಾಮಾನ್ಯವಾಗಿ ಐದು ವರ್ಷ ಮೀರಬಾರದೆಂದೂ, ದೇಶದ ಕಾನೂನು ಒಪ್ಪಿದರೆ ಮಾತ್ರ ಬೇರೆ ಅವಧಿ ಸಲ್ಲುತ್ತದೆಂದೂ, ೧೮ ವರ್ಷ ತುಂಬದವರೊಡನೆ ಮೂರು ವರ್ಷಕ್ಕಿಂತ ಹೆಚ್ಚಿಗೆ ಮಾಡಿಕೊಳ್ಳಬಾರದೆಂದೂ ಅದೇ ನಿಯಮ ಹೇಳುತ್ತದೆ. ಇನ್ನು ರಾಷ್ಟ್ರದ ತಂಡಕ್ಕಾಗಿ ಆಡುವಾಗ ಪೆಟ್ಟಾಗಿ ೨೮ ದಿನಕ್ಕಿಂತ ಹೆಚ್ಚು ಕಾಲ ಮಲಗಿದರೆ, ಸಂಬಳ ಕೊಡುವ ಕ್ಲಬ್ಬಿಗೆ ಪರಿಹಾರ ಕೊಡುವ ಯೋಜನೆಯನ್ನು ಫೀಫಾ ೨೦೧೨ರಿಂದ ನಡೆಸಿದೆ. ಕ್ಲಬ್ಬಿಗೆ ಆ ಧೈರ್ಯವಿದ್ದರೆ ಆಟಗಾರನ ಮೇಲಿನ ಒತ್ತಡವೂ ಕಡಮೆಯಾಗುತ್ತದೆ.

ನಮ್ಮ ದೇಶದ ಒಂದು ಉದಾಹರಣೆಯನ್ನೂ ನೋಡೋಣ. ಕೇರಳ ಬ್ಲಾಸ್ಟರ್ಸ್ ತಂಡದ ರಕ್ಷಣಾ ಆಟಗಾರ ಸಂದೇಶ್ ಜಿಂಗನ್‌ಗೆ ೨೦೧೯ರ ಅಕ್ಟೋಬರಿನಲ್ಲಿ ಭಾರತ ತಂಡದ ಸಿದ್ಧತೆಯ ಪಂದ್ಯದಲ್ಲಿ ಇದೇ ಅಡ್ಡರಜ್ಜು ಹರಿಯಿತು. ಒಂದು ಋತು ಪೂರ್ತಿ ಹೋಯಿತು. ೨೦೨೦ರ ಮೇ ತಿಂಗಳಲ್ಲಿ ಆರು ವರ್ಷ ಆಡಿದ ಕ್ಲಬ್ಬನ್ನು ಅವರು ಬಿಟ್ಟರು. ಗಾಯದ ನಂತರ ಒಂದೂ ಸ್ಪರ್ಧಾಪಂದ್ಯ ಆಡಿರದ ೨೭ರ ಜಿಂಗನ್‌ರನ್ನು ಅದೇ ವರ್ಷ ಕಲ್ಕತ್ತೆಯ ಎಟಿಕೆ ಮೋಹನ್ ಬಾಗಾನ್ ಸೇರಿಸಿಕೊಂಡಿತು. ತಂಡ ಆ ಋತುವಿನ ಅಂತಿಮ ಪಂದ್ಯವನ್ನು ಮುಟ್ಟಿತು. ೨೦೨೦-೨೧ರ ಭಾರತದ ಶ್ರೇಷ್ಠ ಆಟಗಾರನ ಪ್ರಶಸ್ತಿ ಅವರಿಗೇ ಬಂತು. ೨೦೨೨ರ ಆಗಸ್ಟಿನಲ್ಲಿ ಅವರು ನಮ್ಮ ಬೆಂಗಳೂರು ಎಫ್.ಸಿ.ಗೆ ಬಂದರು, ಮರುತಿಂಗಳೇ ಆ ತಂಡ ಡ್ಯುರಾಂಡ್ ಕಪ್ಪನ್ನು ಗೆದ್ದಿತು. ಬೆಂಗಳೂರಿನ ಅಹಮದ್ ಖಾನ್, ಧನರಾಜ್‌ರಂಥವರು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಸೇರಿದ್ದ ಕಾಲವೊಂದಿತ್ತು. ಈಗ ಕಲ್ಕತ್ತೆಯ ಕ್ಲಬ್ಬಿನಿಂದ ಆಟಗಾರರು ನಮ್ಮಲ್ಲಿಗೆ ಬರುವ ಕಾಲವೂ ಬಂದಿದೆ.

ನಿಮ್ಮ ಮನೆಯಲ್ಲಿಯೋ ಕೇರಿಯಲ್ಲಿಯೋ ಚೆಂಡಿನ ಹಿಂದೆ ಬಿದ್ದ ಹುಡುಗ ಹುಡುಗಿಯರಿದ್ದರೆ ಒಂದೆರಡು ಮಾತು. ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಹೆಚ್ಚು ಕಾಣುತ್ತದೆಂಬುದನ್ನು ಮರೆಯಬಾರದು. ಆಟಕ್ಕೆ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಮೈ ಕಾಯಿಸಿಕೊಳ್ಳುವ, ಸಮತೋಲದ, ಸರಿಯಾಗಿ ಹಾರಿ ಇಳಿಯುವ ವ್ಯಾಯಾಮಗಳು ಮೊಣಕಾಲಿನ ಗಾಯಗಳನ್ನು ನಿಜವಾಗಿ ಕಡಮೆ ಮಾಡುತ್ತವೆ. ಅದಕ್ಕೆ ಕಾಸು ಬೇಕಾಗಿಲ್ಲ. ಮಂಡಿ ಊದಿಕೊಂಡು 'ಸಡಿಲವಾಗಿದೆ' ಎಂದರೆ ಎಣ್ಣೆ ನೀವಿ ಮತ್ತೆ ಮೈದಾನಕ್ಕೆ ಕಳುಹಿಸದೆ ಮೂಳೆಯ ವೈದ್ಯರಲ್ಲಿಗೆ ಕರೆದೊಯ್ಯಿರಿ. ದೊಡ್ಡ ತಂಡದ ಕರೆ ಬಂದರೆ, ಸಂಬಳ ಎಷ್ಟೆಂದು ಕೇಳುವುದಕ್ಕೆ ಮುಂಚೆ ಮೂರು ಸಂಗತಿ ಕೇಳಿರಿ: ಗಾಯವಾದಾಗ ಚಿಕಿತ್ಸೆಯ ವೆಚ್ಚ ಯಾರದು, ಆಡಲಾಗದ ತಿಂಗಳುಗಳ ಸಂಬಳ ನಿಲ್ಲುತ್ತದೆಯೇ, ಆಟಕ್ಕೆ ಮರಳುವ ದಿನವನ್ನು ಗೊತ್ತುಮಾಡುವವರು ತರಬೇತುದಾರರೋ ವೈದ್ಯರೋ. ಉತ್ತರಗಳು ಬಾಯಿಮಾತಿನಲ್ಲಿರದೆ ಕಾಗದದಲ್ಲಿರಲಿ.

ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮಲ್ಲಿದೆ. ಆದರೆ ತಾಳುವ ಭಾರವನ್ನೆಲ್ಲ ಹುಡುಗನೊಬ್ಬನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅವನಿಗೆ ಅನ್ನ ಹಾಕುವ ಕ್ಲಬ್ಬೂ ತಾಳಬೇಕು. ಕಟಕಟೆಯಾಚೆ ಕುಳಿತು ಕೂಗುವ ನಾವೂ ತಾಳಬೇಕು. ಮುಂದೆ ಅಂಥ ನಾಲ್ಕು ಸಾಲಿನ ಸುದ್ದಿ ನಿಮ್ಮ ಕಣ್ಣಿಗೆ ಬಿದ್ದಾಗ, ಅವನು ಶಸ್ತ್ರಚಿಕಿತ್ಸೆಯಾಗಿ ಎಷ್ಟು ತಿಂಗಳಿಗೆ ಮರಳಿದ, ಎಷ್ಟು ವರ್ಷದ ಕರಾರು ಸಿಕ್ಕಿತು ಎಂಬೆರಡು ಅಂಕಿಗಳನ್ನು ಹುಡುಕಿ ನೋಡಿರಿ. ಆ ಕ್ಲಬ್ಬು ಅವನನ್ನು ಎಷ್ಟರಮಟ್ಟಿಗೆ ನಂಬಿದೆಯೆಂಬುದು ಅವುಗಳಿಂದ ನಿಮಗೆ ತಿಳಿದುಬರುತ್ತದೆ. ಮೊದಲ ಪಂದ್ಯದಲ್ಲಿ ಅವನು ಅರ್ಧ ಹೆಜ್ಜೆ ತಡವಾದರೆ, ದಯವಿಟ್ಟು ಕೂಗಿ ಹಳಿಯಬೇಡಿ.